ಮಿಡ್‌ವೇ ಡಾಂಟ್‌ಲೆಸ್, 1:72 ಡೈಕಾಸ್ಟ್: ಮೊದಲು ತಿರುಗಿಸಿ ಹೊಟ್ಟೆ ನೋಡಿ

ಎರಡನೇ ಮಹಾಯುದ್ಧದ ವಿಮಾನಗಳ ಮಾದರಿ ಕೂಡಿಡುವವರು ಹೆಚ್ಚಾಗಿ ಸ್ಪಿಟ್‌ಫೈರ್, ಮಸ್ಟಾಂಗ್, ಝೀರೋ ಇವುಗಳಿಂದಲೇ ಶುರು ಮಾಡುತ್ತಾರೆ. ಡೈವ್ ಬಾಂಬರ್, ಅಂದರೆ ಎತ್ತರದಿಂದ ಕಡಿದಾಗಿ ಧುಮುಕಿ ಬಾಂಬು ಬಿಡುವ ವಿಮಾನ, ಕೇಳಿಕೊಂಡು ಬರುವವರು ಕಡಿಮೆ. ಅದರಲ್ಲೂ ಅಮೆರಿಕದ ಡಗ್ಲಸ್ ಎಸ್‌ಬಿಡಿ ಡಾಂಟ್‌ಲೆಸ್ ಅಂದರೆ ದುಂಡು ಮೂತಿ, ಉದ್ದನೆಯ ಗಾಜಿನ ಮುಚ್ಚಳ, ದಪ್ಪ ರೆಕ್ಕೆ. ಫೋಟೋದಲ್ಲಿ ನೋಡಿದರೆ ತರಬೇತಿ ವಿಮಾನದ ಹಾಗೆ ಕಾಣುತ್ತದೆ. ಆದರೆ ಪೆಸಿಫಿಕ್ ಸಾಗರದ ಮಿಡ್‌ವೇ ಕದನದಲ್ಲಿ, 1942ರ ಜೂನ್ 4ರಂದು ಒಂದೇ ದಿನದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳ ಕಥೆ ಮುಗಿಸಿದ್ದು ಇದೇ ವಿಮಾನ. ನನ್ನ ಕಪಾಟಿಗೆ ಇದು ಬೇಕೇ ಬೇಕು ಅಂತ ಬಹಳ ದಿನದಿಂದ ಇತ್ತು. ಈಗ ಬಂದಿದೆ, ನಿಜವಾದದ್ದರ 72ನೇ ಒಂದರಷ್ಟು ಅಳತೆಯ ಡೈಕಾಸ್ಟ್, ಅಂದರೆ ಅಚ್ಚಿಗೆ ಲೋಹ ಹೊಯ್ದು ಮಾಡಿದ ಮಾದರಿ. ಕೈಯಲ್ಲಿ ಹಿಡಿದು, ಭೂತಗನ್ನಡಿ ಇಟ್ಟು, ಹಳೇ ಫೋಟೋಗಳ ಪಕ್ಕದಲ್ಲಿಟ್ಟು ಚೆನ್ನಾಗಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ತೆಗೆದುಕೊಳ್ಳಬಹುದು. ಕೆಲವು ತಪ್ಪುಗಳಿವೆ, ಅವು ಸಣ್ಣವಲ್ಲ, ಮುಂದೆ ಬರೆಯುತ್ತೇನೆ. ತಯಾರಿಸಿದ ಕಂಪನಿಯ ಹೆಸರು ಹಾಕುತ್ತಿಲ್ಲ, ಮಾರಿದ ಅಂಗಡಿಯದ್ದೂ ಹಾಕುತ್ತಿಲ್ಲ. ನನ್ನ ಕೈಗೆ ಬಂದ ಒಂದು ತುಂಡಿನ ಕುಂದನ್ನು ಇಡೀ ಕಂಪನಿಯ ತಲೆಗೆ ಕಟ್ಟುವುದು ಸರಿಯಲ್ಲ ಅಲ್ವಾ. ಯಾವ ಕಂಪನಿಯ ಡಾಂಟ್‌ಲೆಸ್ ಕೊಂಡರೂ ಎಲ್ಲೆಲ್ಲಿ ನೋಡಬೇಕು ಅನ್ನೋದು ಇದರಿಂದ ಗೊತ್ತಾದರೆ ಸಾಕು.

ಇದು ಎಸ್‌ಬಿಡಿ-3, ಡಾಂಟ್‌ಲೆಸ್‌ನ ಒಂದು ಆವೃತ್ತಿ. ಅಮೆರಿಕದ ವಿಮಾನವಾಹಕ ಎಂಟರ್‌ಪ್ರೈಸ್ ಹಡಗಿನ ಆರನೇ ಬಾಂಬಿಂಗ್ ಸ್ಕ್ವಾಡ್ರನ್, ಅಂದರೆ ವಿಬಿ-6ರ ವಿಮಾನ, ಪಕ್ಕದಲ್ಲಿ ಬಿ-1 ಅಂತ ಬರೆದಿದೆ. ಸ್ಕ್ವಾಡ್ರನ್ ನಾಯಕ ರಿಚರ್ಡ್ ಬೆಸ್ಟ್ ಅವರದ್ದು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 12.66 ಮೀಟರ್, ಹಾಗಾಗಿ 1:72ರಲ್ಲಿ 17.6 ಸೆಂಟಿಮೀಟರ್ ಬರಬೇಕು. ಸ್ಕೇಲ್ ಇಟ್ಟು ನೋಡಿದೆ, ಸರಿಯಾಗಿದೆ. ಉದ್ದವೂ ಸರಿ, 14 ಸೆಂಟಿಮೀಟರ್. ಅಂಗೈಗಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ. ದೇಹ ಮತ್ತು ರೆಕ್ಕೆ ಲೋಹದ್ದು, ಪ್ರೊಪೆಲ್ಲರ್, ಚಕ್ರ, ಬಾಂಬು, ಬ್ರೇಕ್ ಪ್ಲಾಸ್ಟಿಕ್‌ನದ್ದು. ಕೈಯಲ್ಲಿ ಹಿಡಿದರೆ ಒಳ್ಳೆ ತೂಕ ಇದೆ.

ಈಗ ಧುಮುಕುವಾಗ ವೇಗ ತಡೆಯುವ ಬ್ರೇಕ್ ವಿಷಯ. ಡಾಂಟ್‌ಲೆಸ್ ಮಾದರಿ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ತೀರ್ಮಾನಿಸುವುದು ಇದರಿಂದಲೇ. ರೆಕ್ಕೆಯ ಹಿಂದಿನ ಅಂಚಿನಲ್ಲಿ, ಮೇಲೂ ಕೆಳಗೂ ತೆರೆದುಕೊಳ್ಳುವ ಹಲಗೆಗಳಿವೆ. ಅದರ ತುಂಬ ಇಡ್ಲಿ ತಟ್ಟೆಯಲ್ಲಿರುವಂತೆ ಸಾಲು ಸಾಲು ತೂತು. ಸುಮ್ನೆ ಅಲಂಕಾರಕ್ಕೆ ಕೊರೆದದ್ದಲ್ಲ. ಈ ವಿಮಾನದ ಮೂಲ ನಾರ್ತ್ರಪ್ ಕಂಪನಿಯ ಬಿಟಿ-1. ಅದರಲ್ಲಿ ನೇರ ಕೆಳಗೆ ಧುಮುಕುವಾಗ ಈ ಹಲಗೆ ತೆರೆದರೆ, ಹಿಂದೆ ಗಾಳಿ ಸುಳಿದು ಬಾಲ ವಿಪರೀತ ಅದುರುತ್ತಿತ್ತು. ಹಲಗೆಗೆ 3 ಇಂಚು ಅಗಲದ ತೂತು ಕೊರೆದ ಮೇಲೆ ಆ ಅದುರು ನಿಂತಿತು, ವೇಗಕ್ಕೆ ತಡೆ ಮಾತ್ರ ಹಾಗೇ ಉಳಿಯಿತು. ನಾರ್ತ್ರಪ್‌ನ ಆ ಕಾರ್ಖಾನೆ ಡಗ್ಲಸ್ ಕೈಗೆ ಬಂದಾಗ ಎಡ್ ಹೈನೆಮನ್ ಅನ್ನುವ ಇಂಜಿನಿಯರ್ ಅದನ್ನು ತಿದ್ದಿ ತೀಡಿ ಡಾಂಟ್‌ಲೆಸ್ ಮಾಡಿದರು. ಈ ತೂತುಗಳಿಂದಾಗಿ ಪೈಲಟ್ ಸುಮಾರು 70 ಡಿಗ್ರಿ ಕಡಿದಾಗಿ ಧುಮುಕಿದರೂ ವಿಮಾನ ಕೈ ಮೀರುತ್ತಿರಲಿಲ್ಲ, ಗುರಿಯ ಮೇಲಿಂದ ಕಣ್ಣು ಕದಲಿಸದೆ ಕೆಳಗಿನವರೆಗೂ ಹೋಗಬಹುದಿತ್ತು. ಡೈವ್ ಬಾಂಬರ್‌ಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು.

3 ಇಂಚು ಅಂದರೆ 1:72ರಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ. ಅಗ್ಗದ ಮಾದರಿಗಳಲ್ಲಿ ತೂತು ಕೊರೆಯುವುದೇ ಇಲ್ಲ, ಸಣ್ಣ ಗುಳಿ ಮಾಡಿ ಅದಕ್ಕೆ ಕಪ್ಪು ಬಣ್ಣ ಬಿಟ್ಟಿರುತ್ತಾರೆ. ಇದರಲ್ಲಿ ನಿಜವಾಗಿಯೂ ಆರಪಾರ ತೂತುಗಳಿವೆ. ಕಿಟಕಿಗೆ ಹಿಡಿದರೆ ಒಂದೊಂದರಲ್ಲೂ ಬೆಳಕು ಕಾಣುತ್ತದೆ. ತೆರೆದ ಬ್ರೇಕ್ ಒಂದು ಜೊತೆ, ಮುಚ್ಚಿದ ಬ್ರೇಕ್ ಒಂದು ಜೊತೆ ಕೊಟ್ಟಿದ್ದಾರೆ, ನಮಗೆ ಬೇಕಾದ್ದನ್ನು ಸಿಕ್ಕಿಸಿಕೊಳ್ಳಬಹುದು. ದೇಹದ ಕೆಳಗೆ ನಡುವೆ ಇರುವ ಮೂರನೇ ಹಲಗೆಯನ್ನೂ ಮರೆತಿಲ್ಲ. ಅದನ್ನು ಬಿಟ್ಟುಬಿಡುವವರು ಬಹಳ ಇದ್ದಾರೆ. ಹಲಗೆಯ ಒಳಮೈಗೆ ಕೆಂಪು ಬಳಿದಿರುವುದನ್ನೂ ನೋಡಿ, ಅದು ಸರಿ. ತೆರೆದ ಜೊತೆ ಸಿಕ್ಕಿಸಿದಾಗ ಎಡಗಡೆಯದು ಸ್ವಲ್ಪ ಸಡಿಲ ಅನ್ನಿಸಿತು, ಅಲುಗಾಡಿಸಿದರೆ ಬೀಳಬಹುದು. ಆದರೂ ಇಷ್ಟು ಸಣ್ಣ ಅಳತೆಯಲ್ಲಿ ಇಷ್ಟು ತೆಳ್ಳಗೆ, ಇಷ್ಟು ಚೊಕ್ಕವಾಗಿ ಮಾಡಿದ್ದಕ್ಕೆ ನಿಜವಾಗಿ ಮೆಚ್ಚಿದೆ. ನಾನು ಕೊಟ್ಟ ದುಡ್ಡಿನಲ್ಲಿ ಅರ್ಧ ಈ ಬ್ರೇಕ್‌ಗೇ ಹೋದರೂ ಬೇಜಾರಿಲ್ಲ.

ಹೊಟ್ಟೆಯ ಕೆಳಗೆ ಇನ್ನೊಂದು ಒಳ್ಳೆಯ ಕೆಲಸ ಇದೆ. ದೊಡ್ಡ ಬಾಂಬು ನೇರ ದೇಹಕ್ಕೆ ಅಂಟಿಕೊಂಡಿಲ್ಲ, ಎರಡು ಕೈಗಳ ಒಂದು ಕವೆ ಅದನ್ನು ಹಿಡಿದಿದೆ. ಯಾಕೆ ಅಂದರೆ, ವಿಮಾನ ಮೂತಿ ಕೆಳಗೆ ಮಾಡಿ ಧುಮುಕುವಾಗ ಬಾಂಬನ್ನು ಸುಮ್ಮನೆ ಬಿಟ್ಟರೆ ಅದು ತನ್ನದೇ ಪ್ರೊಪೆಲ್ಲರ್‌ಗೆ ಬಡಿಯುವ ಅಪಾಯ. ಅದಕ್ಕೇ ಈ ಕವೆ ಬಾಂಬನ್ನು ಹೊರಕ್ಕೆ ತೂಗಿ, ಪ್ರೊಪೆಲ್ಲರ್ ಸುತ್ತು ದಾಟಿಸಿ ಬಿಡುತ್ತಿತ್ತು. ಮಾದರಿಯಲ್ಲಿ ಕವೆ ಅಲುಗಾಡುವುದಿಲ್ಲ, ಆದರೆ ಆಕಾರ, ಜಾಗ ಎರಡೂ ಸರಿ. 1,000 ಪೌಂಡ್ ಬಾಂಬು, ಅದೂ ಸರಿ. ಇನ್ನು ಚಕ್ರಗಳು. ಡಾಂಟ್‌ಲೆಸ್‌ನ ಚಕ್ರ ಒಳಕ್ಕೆ ಮಡಚಿಕೊಂಡ ಮೇಲೂ ಅದನ್ನು ಪೂರ್ತಿ ಮುಚ್ಚುವ ಬಾಗಿಲು ಇಲ್ಲ, ಕೆಳಗಿಂದ ನೋಡಿದರೆ ಎರಡು ಟೈರ್ ದುಂಡಗೆ ಕಾಣುತ್ತವೆ. ಅದನ್ನು ಹಾಗೇ ತೋರಿಸಿದ್ದಾರೆ. ಹಿಂದಿನ ಪುಟ್ಟ ಚಕ್ರವೂ ಗಟ್ಟಿ ರಬ್ಬರ್‌ನ ಸಣ್ಣದೇ ಇದೆ, ನೌಕಾಪಡೆಯ ವಿಮಾನಕ್ಕೆ ಅದೇ ಇರಬೇಕು. ಅಮೆರಿಕದ ಭೂಸೇನೆಗೆ ಕೊಟ್ಟ ಎ-24ಕ್ಕೆ ಗಾಳಿ ತುಂಬುವ ದೊಡ್ಡ ಟೈರ್ ಇತ್ತು. ಇಳಿಯುವಾಗ ಹಡಗಿನ ಹಗ್ಗಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ ಇದೆ, ತೆಳ್ಳಗಿದೆ, ಹುಷಾರಾಗಿ ಮುಟ್ಟಿ.

ರೆಕ್ಕೆ ಮಡಚುವುದಿಲ್ಲವಾ ಅಂತ ಗೆಳೆಯರೊಬ್ಬರು ಕೇಳಿದರು. ಗೋವಾದ ನೌಕಾ ವಿಮಾನ ಮ್ಯೂಸಿಯಂನಲ್ಲಿ ನಮ್ಮ ಸೀ ಹಾಕ್, ಅಲಿಝೆ ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ, ಹಡಗಿನ ವಿಮಾನ ಅಂದರೆ ರೆಕ್ಕೆ ಮಡಚಲೇಬೇಕು ಅನ್ನಿಸುತ್ತದೆ. ಡಾಂಟ್‌ಲೆಸ್‌ನ ರೆಕ್ಕೆ ಮಡಚುತ್ತಿರಲಿಲ್ಲ. ಧುಮುಕಿ ಮೇಲೇಳುವಾಗಿನ ಹೊರೆ ತಡೆಯಲು ರೆಕ್ಕೆಯನ್ನು ಗಟ್ಟಿಯಾಗಿ ಕಟ್ಟಿದ್ದರು, ಅದಕ್ಕೆ ಹಡಗಿನೊಳಗೆ ಜಾಗ ಜಾಸ್ತಿ ಬೇಕಾದರೂ ಸಹಿಸಿಕೊಂಡರು. ರೆಕ್ಕೆ ಮಡಚುವ ಡಾಂಟ್‌ಲೆಸ್ ಅಂತ ಯಾರಾದರೂ ಮಾರಿದರೆ ತೆಗೆದುಕೊಳ್ಳಬೇಡಿ.

ಕಾಕ್‌ಪಿಟ್‌ಗೆ ಬರೋಣ. ಮುಂದಿನ ಗಾಜನ್ನು ತೂರಿಕೊಂಡು ಒಂದು ಕೊಳವೆ ಹೊರಗೆ ಬಂದಿದೆ. ಅದು ಗುರಿ ಹಿಡಿಯುವ ದುರ್ಬೀನು. ಪೈಲಟ್‌ಗಳು ಇದನ್ನು ಬಹಳ ಬೈದುಕೊಂಡಿದ್ದಾರೆ. ಮೇಲಿನ ಚಳಿಯಿಂದ ಕೆಳಗಿನ ಬಿಸಿ, ತೇವದ ಗಾಳಿಗೆ ಒಂದೇ ಏಟಿಗೆ ಇಳಿದಾಗ ಗಾಜಿಗೆ ಮಂಜು ಕವಿದು ಏನೂ ಕಾಣುತ್ತಿರಲಿಲ್ಲ. ಅದೂ ಬಾಂಬು ಬಿಡಬೇಕಾದ ಹೊತ್ತಿಗೇ ಸರಿಯಾಗಿ. ಮುಂದೆ ಎಸ್‌ಬಿಡಿ-5ರಲ್ಲಿ ಇದನ್ನು ತೆಗೆದು ಬೇರೆ ಬಗೆಯ ಸೈಟ್ ಹಾಕಿದರು. ಹಾಗಾಗಿ ಮಿಡ್‌ವೇ ವಿಮಾನ ಅಂತ ಹೇಳಿ ಈ ಕೊಳವೆ ಇಲ್ಲದಿದ್ದರೆ, ಅದು ನಂತರದ ಅಚ್ಚಿಗೆ ಹಳೇ ಬಣ್ಣ ಬಳಿದದ್ದು ಅಂತ ತಿಳಿಯಿರಿ. ಇಂಜಿನ್ ಮುಚ್ಚಳದ ಮೇಲಿನ ಗಾಳಿಬಾಯಿಯನ್ನೂ ನೋಡಿ, ಮೂರರಲ್ಲಿ ಇದೆ, ಐದರಲ್ಲಿ ಇಲ್ಲ. ನನ್ನದರಲ್ಲಿ ಎರಡೂ ಸರಿ ಇವೆ. ಒಳಗೆ ರೈಟ್ ಸೈಕ್ಲೋನ್ ಇಂಜಿನ್‌ನ ಒಂಬತ್ತು ಸಿಲಿಂಡರ್‌ಗಳನ್ನು ಎಣಿಸಬಹುದು.

ಹಿಂದಿನ ಸೀಟು ಮಾತ್ರ ನಿರಾಸೆ. ಇಲ್ಲಿ ಕೂರುತ್ತಿದ್ದವರು ರೇಡಿಯೋ ನೋಡಿಕೊಂಡು ಬಂದೂಕನ್ನೂ ಹಿಡಿಯಬೇಕಿತ್ತು, ಬಾಲದ ಕಡೆ ಮುಖ ಮಾಡಿ. ಪೈಲಟ್ ಸಮುದ್ರ ನೋಡುತ್ತಾ ಬೀಳುತ್ತಿದ್ದರೆ ಇವರು ಆಕಾಶ ನೋಡುತ್ತಾ ಬೀಳುತ್ತಿದ್ದರು, ಹಿಂದೆ ಜಪಾನಿನ ಝೀರೋ ಫೈಟರ್ ಅಟ್ಟಿಸಿಕೊಂಡು ಬಂದರೆ ಮೊದಲು ಕಾಣುತ್ತಿದ್ದದ್ದು ಇವರಿಗೇ. ಬೆಸ್ಟ್ ಅವರ ಹಿಂದೆ ಆ ದಿನ ಕೂತಿದ್ದವರು ಜೇಮ್ಸ್ ಮರ್ರೆ. ಅಂಥವರ ಗೊಂಬೆ ಮಾಡುವಾಗ ಮುಖಕ್ಕೆ ಒಂದು ಚುಕ್ಕೆ ಬಣ್ಣ ಬಿಟ್ಟು ಸುಮ್ಮನಾಗಿದ್ದಾರೆ. ಜೋಡಿ ಮೆಷಿನ್ ಗನ್‌ನ ನಳಿಗೆಗಳು ಬೇಕಾದ್ದಕ್ಕಿಂತ ದಪ್ಪ, ಮೆತ್ತನೆಯ ಪ್ಲಾಸ್ಟಿಕ್, ಪೆಟ್ಟಿಗೆಯಿಂದ ಬರುವಾಗಲೇ ಬಾಗಿದ್ದವು. ಬಿಸಿ ನೀರಿನಲ್ಲಿ ಅದ್ದಿ ಮೆಲ್ಲಗೆ ನೇರ ಮಾಡಿದೆ. ಈ ಬೆಲೆಗೆ ಇಷ್ಟು ಬಿಗಿ ಮಾಡಬಾರದಿತ್ತು.

ಬಣ್ಣ ಚೆನ್ನಾಗಿದೆ. ಮೇಲೆ ಮಂಕು ನೀಲಿ ಬೂದು, ಕೆಳಗೆ ತಿಳಿ ಬೂದು, ಹೊಳಪಿಲ್ಲ. ಎರಡೂ ಸೇರುವ ಗೆರೆ ತೀರಾ ಚೂಪಾಗಿಲ್ಲ, ಮೆತ್ತಗೆ ಬೆರೆತಿದೆ. ನಕ್ಷತ್ರದ ಗುರುತನ್ನು ಗಮನಿಸಿ. ಯುದ್ಧದ ಶುರುವಿನಲ್ಲಿ ಅಮೆರಿಕದ ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇರುತ್ತಿತ್ತು, ಬಾಲದ ಮೇಲೆ ಕೆಂಪು ಬಿಳಿ ಪಟ್ಟೆಗಳೂ ಇರುತ್ತಿದ್ದವು. ಹೊಡೆದಾಟದ ನಡುವೆ ಆ ಚುಕ್ಕೆಯನ್ನು ಜಪಾನಿನ ಸೂರ್ಯ ಅಂತ ತಮ್ಮವರೇ ತಪ್ಪು ತಿಳಿಯಬಾರದು ಅಂತ 1942ರ ಮೇ ತಿಂಗಳಲ್ಲಿ ಎರಡನ್ನೂ ತೆಗೆಸಿದರು. ಮಿಡ್‌ವೇ ಜೂನ್‌ನಲ್ಲಿ. ಹಾಗಾಗಿ ಚುಕ್ಕೆ ಇರಬಾರದು, ಪಟ್ಟೆಯೂ ಇರಬಾರದು. ಇದರಲ್ಲಿ ಇಲ್ಲ. ಮಿಡ್‌ವೇ ಅಂತ ಬರೆದು ಕೆಂಪು ಚುಕ್ಕೆ ಇಟ್ಟ ಡಾಂಟ್‌ಲೆಸ್ ಕಣ್ಣಿಗೆ ಬಿದ್ದರೆ ಬಿಟ್ಟುಬಿಡಿ, ಆ ಗುರುತು ತೆಗೆಸುವ ಮೊದಲಿನ ವಿಮಾನವಾದರೆ ಮಾತ್ರ ಅದು ಒಪ್ಪುತ್ತದೆ.

ಅಷ್ಟೊಂದು ಡಾಂಟ್‌ಲೆಸ್ ಇರುವಾಗ ಬಿ-1 ಯಾಕೆ ಅಂದರೆ, ಬೆಸ್ಟ್ ಅವರ ಆ ದಿನದ ಕೆಲಸ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಎಂಟರ್‌ಪ್ರೈಸ್‌ನ ಡೈವ್ ಬಾಂಬರ್‌ಗಳನ್ನು ವೇಡ್ ಮೆಕ್ಲಸ್ಕಿ ಕರೆದುಕೊಂಡು ಹೊರಟಿದ್ದರು. ಹೇಳಿದ ಜಾಗದಲ್ಲಿ ಜಪಾನಿನ ಹಡಗುಗಳು ಇರಲಿಲ್ಲ, ಇಂಧನ ಖಾಲಿಯಾಗುತ್ತಾ ಬಂದಿತ್ತು. ಆಗ ಕೆಳಗೆ ಅರಾಶಿ ಅನ್ನುವ ಜಪಾನಿನ ಡಿಸ್ಟ್ರಾಯರ್ ಒಂಟಿಯಾಗಿ ಜೋರಾಗಿ ಹೋಗುತ್ತಿರುವುದು ಕಂಡಿತು, ಅಮೆರಿಕದ ನಾಟಿಲಸ್ ಸಬ್‌ಮರೀನ್ ಬೆನ್ನಟ್ಟಿ ಹಿಂದೆ ಉಳಿದಿದ್ದ ಹಡಗು ಅದು. ಅದು ಹೋಗುವ ದಿಕ್ಕಿಗೇ ತಿರುಗಿದರು. ಅದಕ್ಕೂ ಸ್ವಲ್ಪ ಮೊದಲು ಅಮೆರಿಕದ ಟಾರ್ಪಿಡೊ ವಿಮಾನಗಳು ಸಮುದ್ರಕ್ಕೆ ತಾಗುವಷ್ಟು ಕೆಳಗೆ ಹೋಗಿ ದಾಳಿ ಮಾಡಿ ಒಂದಾದ ಮೇಲೊಂದು ಉರುಳಿದ್ದವು, ಹಾರ್ನೆಟ್ ಹಡಗಿನ ಎಂಟನೇ ಟಾರ್ಪಿಡೊ ಸ್ಕ್ವಾಡ್ರನ್‌ನ 15 ವಿಮಾನಗಳಲ್ಲಿ ಒಂದೂ ವಾಪಸ್ ಬರಲಿಲ್ಲ, ಅವರಲ್ಲಿ ಬದುಕಿ ಉಳಿದದ್ದು ಜಾರ್ಜ್ ಗೇ ಒಬ್ಬರೇ. ಡಾಂಟ್‌ಲೆಸ್‌ಗಳ ಬಗ್ಗೆ ಮಾತಾಡುವಾಗ ಅವರನ್ನು ನೆನೆಯದೆ ಇರಬಾರದು.

ಬೆಳಿಗ್ಗೆ 10:20 ದಾಟಿತ್ತು. ಮೇಲಿಂದ ಬಂದ ಎಂಟರ್‌ಪ್ರೈಸ್‌ನ ಎರಡು ಸ್ಕ್ವಾಡ್ರನ್‌ಗಳೂ ಗೊಂದಲದಲ್ಲಿ ಕಾಗಾ ಅನ್ನುವ ಒಂದೇ ಹಡಗಿನ ಮೇಲೆ ಧುಮುಕತೊಡಗಿದವು. ಬೆಸ್ಟ್ ಕೊನೇ ಗಳಿಗೆಯಲ್ಲಿ ಅದನ್ನು ನೋಡಿ ತಮ್ಮ ಡೈವ್ ತಡೆದರು, ಅಕ್ಕಪಕ್ಕದ ಇಬ್ಬರನ್ನು ಮಾತ್ರ ಕರೆದುಕೊಂಡು ಪಕ್ಕದ ಅಕಾಗಿಯ ಕಡೆ ಹೊರಳಿದರು. ಅಕಾಗಿ ಅಂದರೆ ಜಪಾನಿನ ಈ ಹಡಗುಪಡೆಯ ನಾಯಕ ಅಡ್ಮಿರಲ್ ನಗುಮೊ ಅವರಿದ್ದ ಹಡಗು. ಮೂರು ವಿಮಾನ, ಮೂರು ಬಾಂಬು. ಎರಡು ಹಡಗಿನ ಹತ್ತಿರ ನೀರಿಗೆ ಬಿದ್ದವು, ಒಂದು ನಡುಮಧ್ಯೆ ಒಳಗಿಳಿಯಿತು. ಒಳಗೆ ಪೆಟ್ರೋಲ್ ತುಂಬಿಸಿ, ಬಾಂಬು ಟಾರ್ಪಿಡೊ ಕಟ್ಟಿಟ್ಟ ವಿಮಾನಗಳಿದ್ದವು. ಆ ಒಂದೇ ಬಾಂಬಿನ ಬೆಂಕಿ ಸಾಕಾಯಿತು. ಅದೇ ಕೆಲವು ನಿಮಿಷಗಳಲ್ಲಿ ಕಾಗಾ ಹೊತ್ತಿಕೊಂಡಿತು, ಅಮೆರಿಕದ ಇನ್ನೊಂದು ಹಡಗು ಯಾರ್ಕ್‌ಟೌನ್‌ನಿಂದ ಬಂದ ಡಾಂಟ್‌ಲೆಸ್‌ಗಳು ಜಪಾನಿನ ಸೋರ್ಯುಗೆ ಹೊಡೆದವು. ಮಧ್ಯಾಹ್ನದ ಮೇಲೆ ಹಿರ್ಯು ಹಡಗಿನ ಮೇಲೆ ಹೋದಾಗಲೂ ಬೆಸ್ಟ್ ಇದ್ದರು. ಬೆಳಿಗ್ಗೆ ಕೆಟ್ಟ ಆಕ್ಸಿಜನ್ ಬಾಟಲಿಯಿಂದ ಕಾಸ್ಟಿಕ್ ಸೋಡಾದ ಹಬೆ ಅವರ ಎದೆಗೆ ಹೋಗಿತ್ತು. ಮಾರನೇ ದಿನ ಕೆಮ್ಮಿದರೆ ರಕ್ತ. ಒಳಗಿದ್ದ ಕ್ಷಯ ಎದ್ದಿತ್ತು. ಮತ್ತೆ ಅವರು ಯುದ್ಧಕ್ಕೆ ಹಾರಲಿಲ್ಲ. 2001ರಲ್ಲಿ ತೀರಿಕೊಂಡರು.

ನಮ್ಮ ಕಡೆಯವರಿಗೆ ಇದು ಎಲ್ಲೋ ಪೆಸಿಫಿಕ್‌ನ ಕಥೆ ಅಂತ ಅನ್ನಿಸಬಹುದು. ಆದರೆ ಅಕಾಗಿ, ಸೋರ್ಯು, ಹಿರ್ಯು ಮೂರೂ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಮ್ಮ ಸಮುದ್ರದಲ್ಲಿದ್ದವು. 1942ರ ಏಪ್ರಿಲ್ 5ರಂದು ಕೊಲಂಬೊ ಮೇಲೆ, 9ರಂದು ಟ್ರಿಂಕೋಮಲಿ ಮೇಲೆ ದಾಳಿಯಾಯಿತು, ಬ್ರಿಟಿಷರ ಹರ್ಮಿಸ್ ಹಡಗು ಮುಳುಗಿತು. ಹರ್ಮಿಸ್‌ಗೆ ಹೊಡೆದದ್ದೂ ಡೈವ್ ಬಾಂಬರೇ, ಜಪಾನಿನ ಐಚಿ ಡಿ3ಎ. ನಡುವೆ ಏಪ್ರಿಲ್ 6ರಂದು ಇನ್ನೊಂದು ಹಡಗಾದ ರ್ಯುಜೊದ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. ಮದ್ರಾಸ್‌ನಲ್ಲಿ ಜನ ಹೆದರಿ ಊರು ಬಿಟ್ಟರು. ಆ ಹಡಗುಗಳು ಮತ್ತೆ ಈ ಕಡೆ ಬರದಂತೆ ಮಾಡಿದ ವಿಮಾನ ಇದು, ಹಾಗಾಗಿ ನನ್ನ ಕಪಾಟಿನಲ್ಲಿ ಇದಕ್ಕೆ ಸ್ಪಿಟ್‌ಫೈರ್‌ಗಿಂತ ಮುಂದಿನ ಜಾಗ.

ಇನ್ನು ಉಳಿದ ಕುಂದುಗಳು. ರೆಕ್ಕೆ ದೇಹಕ್ಕೆ ಸೇರುವ ಕಡೆ ಬಿರುಕು ಕಾಣುತ್ತದೆ, ಬಲಗಡೆ ಉಗುರು ಸಿಕ್ಕುವಷ್ಟು. ಲೋಹದ ಮಾದರಿಗಳಲ್ಲಿ ಇದು ಸ್ವಲ್ಪ ಇದ್ದದ್ದೇ, ಆದರೆ ಇಷ್ಟು ಇರಬಾರದು. ತಗಡು ಸೇರುವ ಗೆರೆಗಳು ತೀರಾ ಆಳ, ಅದರೊಳಗೆ ಕಪ್ಪು ಮಸಿ ಬೇರೆ ತುಂಬಿದ್ದಾರೆ. ನಿಜವಾದ ವಿಮಾನದಲ್ಲಿ ಅಷ್ಟು ದೂರದಿಂದ ಆ ಗೆರೆಗಳು ಕಾಣುವುದೇ ಇಲ್ಲ. ಆಂಟೆನಾ ಕಂಬ ಇದೆ, ತಂತಿ ಇಲ್ಲ. ನಾನು ತೆಳು ನೈಲಾನ್ ದಾರ ಎಳೆದು ಅಂಟಿಸಿದೆ, ನೋಡಲು ಎಷ್ಟೋ ವಾಸಿ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಸ್ಟ್ಯಾಂಡ್ ನೋಡಿ. ಡೈವ್ ಬಾಂಬರ್ ಮಾದರಿಗೆ ನೆಟ್ಟಗೆ ಹಾರುವ ಹಾಗೆ ಮಾತ್ರ ನಿಲ್ಲಿಸುವ ಸ್ಟ್ಯಾಂಡ್ ಕೊಟ್ಟರೆ ಏನು ಉಪಯೋಗ? ತೂತಿನ ಬ್ರೇಕ್ ಅಷ್ಟು ಚೆನ್ನಾಗಿ ಮಾಡಿ, ಅದನ್ನು ತೆರೆದು ನೆಟ್ಟಗೆ ನಿಲ್ಲಿಸಿದರೆ ಅರ್ಥವೇ ಇಲ್ಲ. ಸಾಧಾರಣ ಅಕ್ರಿಲಿಕ್ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಭಾರವಾದ ಮರದ ಹಲಗೆಗೆ ಕೂರಿಸಿ, ಮೂತಿ ಕೆಳಗೆ ಮಾಡಿ 70 ಡಿಗ್ರಿಗೆ ನಿಲ್ಲಿಸಿದ್ದೇನೆ. ಹಲಗೆ ಭಾರ ಇರಲೇಬೇಕು, ಇಲ್ಲದಿದ್ದರೆ ಮಗುಚಿಕೊಳ್ಳುತ್ತದೆ. ಹೀಗೆ ನಿಲ್ಲಿಸಿದಾಗ ಬ್ರೇಕ್, ಕವೆ, ಬಾಂಬು ಎಲ್ಲ ಎದುರಿಗೇ ಬರುತ್ತವೆ. ಚಕ್ರ ಇಳಿಸಿ ಮೇಜಿನ ಮೇಲೆ ಇಡುವುದಾದರೆ ಕೆಳಗೊಂದು ಸಣ್ಣ ಕನ್ನಡಿ ಇಡಿ.

ಅಂಗಡಿಯವರ ಪ್ಯಾಕಿಂಗ್ ಬಗ್ಗೆ ದೂರಿಲ್ಲ, ಎರಡು ಪೆಟ್ಟಿಗೆ, ನಡುವೆ ಸಾಕಷ್ಟು ಗಾಳಿಯ ಪ್ಲಾಸ್ಟಿಕ್ ಹಾಕಿದ್ದರು. ಆದರೆ ವಿದೇಶದಿಂದ ತರಿಸಿದರೆ ಮಾದರಿಯ ಬೆಲೆ ಮಾತ್ರ ನೋಡಿ ಖುಷಿಪಡಬೇಡಿ. ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲ ಸೇರಿ ನನಗೆ 9,000 ರೂಪಾಯಿ ಹತ್ತಿರ ಹತ್ತಿರ ಬಿತ್ತು. ಪೆಟ್ಟಿಗೆ ತೆರೆಯುವಾಗ ವೀಡಿಯೊ ಮಾಡಿಕೊಳ್ಳಿ, ಸಣ್ಣ ತುಂಡು ಕಾಣೆಯಾದರೆ ಕೇಳಲು ಆಧಾರ ಬೇಕು.

ಕೈಯಿಂದ ಜೋಡಿಸುವ ಅಭ್ಯಾಸ ಇದ್ದವರು ಇದಕ್ಕೆ ಇಷ್ಟು ಕೊಡಬೇಕಾಗಿಲ್ಲ. ಅಕ್ಯುರೇಟ್ ಮಿನಿಯೇಚರ್ಸ್ ಮಾಡಿದ 1:48 ಪ್ಲಾಸ್ಟಿಕ್ ಕಿಟ್‌ನ ಅಚ್ಚು ಒಳ್ಳೆಯದು, ಮುಂದೆ ಅಕಾಡೆಮಿ ಪೆಟ್ಟಿಗೆಯಲ್ಲೂ ಅದು ಬಂದಿದೆ. ಅದರಲ್ಲಿ ರೆಕ್ಕೆ 26 ಸೆಂಟಿಮೀಟರ್ ದಾಟುತ್ತದೆ, ಕಾಕ್‌ಪಿಟ್ ಒಳಗೆ ಕೆಲಸ ಮಾಡಲು ಬೇಕಾದಷ್ಟು ಜಾಗ. ಆದರೆ ಬಣ್ಣ, ಅಂಟು, ತಾಳ್ಮೆ ಮೂರೂ ನಿಮ್ಮದೇ. ಮನೆಯಲ್ಲಿ ಜಾಗ ಕಡಿಮೆ, ಜೋಡಿಸಲು ಸಮಯ ಇಲ್ಲ, ಆದರೆ ಮಿಡ್‌ವೇಯ ವಿಮಾನ ಸರಿಯಾದ ಗುರುತುಗಳ ಜೊತೆ ಬೇಕು ಅನ್ನುವವರು ಈ ಡೈಕಾಸ್ಟ್ ತೆಗೆದುಕೊಳ್ಳಿ. ಕರಾವಳಿಯವರಾದರೆ ಗಾಜಿನ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ಬದಲಾಯಿಸುತ್ತಿರಿ, ಬಿಸಿಲು ನೇರ ಬೀಳುವ ಗೋಡೆಗೆ ಮಾತ್ರ ಇಡಬೇಡಿ, ಆ ನೀಲಿ ಬೂದು ಬಣ್ಣ ಬೇಗ ಮಾಸುತ್ತದೆ. ನಾನು ಮುಂದೆ ಇದೇ ಅಳತೆಯಲ್ಲಿ ಐಚಿ ಡಿ3ಎ ಹುಡುಕುತ್ತಿದ್ದೇನೆ, ಅದರ ರೆಕ್ಕೆ ಕೆಳಗಿನ ಬ್ರೇಕ್ ಬೇರೆಯದೇ ರೀತಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಯಾರ ಬಳಿಯಾದರೂ ಇದ್ದರೆ ಹೇಗಿದೆ ಅಂತ ತಿಳಿಸಿ.